ವೇಲು ಹಾಕಿದ ಸೀಟು ಮತ್ತು ಎರಡು ದೇಶಗಳ ಜಗಳ

ಅಂತರರಾಷ್ಟ್ರೀಯ ಕಾನೂನಿನ ಮೊದಲ ತರಗತಿಯಲ್ಲೇ ನಾನು ನಕ್ಕುಬಿಟ್ಟೆ. ಮೆಲ್ಲಗೆ ನಕ್ಕಿದ್ದರೆ ನಡೆಯುತ್ತಿತ್ತು. ನನ್ನದು ಕೊನೆಯ ಬೆಂಚಿನಿಂದ ಹೊರಟು ಬೋರ್ಡಿಗೆ ಬಡಿದು ವಾಪಸ್ ಬರುವಂಥ ನಗು. ನಮ್ಮ ಮೇಡಂ ಆಗಷ್ಟೇ ಹೇಳಿದ್ದರು: ದೇಶಗಳಿಗೆಲ್ಲ ಸೇರಿ ಕಾನೂನು ಮಾಡಿಕೊಡುವ ವಿಧಾನಸಭೆ ಇಲ್ಲ, ಮುರಿದವರನ್ನು ಎಳೆದೊಯ್ಯುವ ಪೊಲೀಸರಿಲ್ಲ, ಬರುವುದಿಲ್ಲ ಎಂದ ದೇಶವನ್ನು ಕಟಕಟೆ ಹತ್ತಿಸುವ ಕೋರ್ಟೂ ಇಲ್ಲ.

"ಯಾಕೆ ನಗು ಬಂತು?"

ಎದ್ದು ನಿಂತೆ. "ಮತ್ತೆ ಅದು ಕಾನೂನು ಹೇಗಾಯ್ತು ಮೇಡಂ?"

ಹೊರಗೆ ನಡಿ ಅನ್ನುತ್ತಾರೆ ಅಂದುಕೊಂಡೆ. ಅವರು ಚಾಕ್‌ಪೀಸು ಕೆಳಗಿಟ್ಟು, "ಈ ಇಡೀ ಪೇಪರು ಇರುವುದೇ ಆ ಪ್ರಶ್ನೆಗೆ. ಬಾ, ಮುಂದಿನ ಬೆಂಚಲ್ಲಿ ಕೂತ್ಕೊ" ಎಂದರು.

ಅಲ್ಲಿಂದ ನನಗೆ ಹುಚ್ಚು ಹಿಡಿಯಿತು. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು ನಾನು. ಬೇರೆ ಪೇಪರುಗಳ ಇಂಗ್ಲಿಷನ್ನು ಕಷಾಯದಂತೆ ಕುಡಿಯುತ್ತಿದ್ದೆ. ಇದೊಂದನ್ನು ಮಾತ್ರ ಊಟದ ತಟ್ಟೆಯ ಪಕ್ಕದಲ್ಲೇ ತೆರೆದಿಟ್ಟುಕೊಳ್ಳುತ್ತಿದ್ದೆ. ಚಿನಕುರಳಿಯ ನಮ್ಮ ಮನೆಯ ಜಗುಲಿಯಲ್ಲಿ ಕೂತು, ಎಂದೂ ನೋಡದ ಸಮುದ್ರಗಳ ಗಡಿ ಎಳೆಯುತ್ತಿದ್ದೆ. ಹಸುಗಳಿಗೆ ಮೇವು ಹಾಕುತ್ತಿದ್ದ ಅಪ್ಪ ಒಂದು ದಿನ ಪುಸ್ತಕದ ಕಡೆ ಗಲ್ಲ ಎತ್ತಿ ತೋರಿಸಿ ಕೇಳಿದರು:

"ಅಲ್ಲ ಕಣವ್ವ, ಪಾಂಡವಪುರದ ಕೋರ್ಟ್ಗೆ ಫ್ರಾನ್ಸ್ ದೇಸದ ಕೇಸು ಬಂದದಾ?"

"ಬರಲ್ಲ ಅಪ್ಪ."

"ಮತ್ಯಾಕ್ ಅಂಗ್ ಓದೀಯೆ?"

"ಖುಷಿಯಾಗುತ್ತೆ."

"ಅಂಗಾರೆ ಓದು ಬುಡು" ಎಂದು ಅಪ್ಪ ಕೊಟ್ಟಿಗೆಗೆ ಹೋದರು. ಆ ವಾದ ಅಲ್ಲಿಗೇ ಮುಗಿಯಿತು.

ನನ್ನಷ್ಟೇ ಹುಚ್ಚಿಯಾಗಿದ್ದ ಇನ್ನೊಬ್ಬಳಿದ್ದಳು, ಶೀಳನೆರೆಯ ಗೆಳತಿ. ಇಬ್ಬರೂ ಮೈಸೂರಿಗೆ ಹೋಗುತ್ತಿದ್ದುದು ಕೆ.ಆರ್. ಪೇಟೆಯಿಂದ ಬರುವ ಒಂದೇ ಬಸ್ಸಿನಲ್ಲಿ. ಅವಳು ಮೊದಲೇ ಹತ್ತಿ, ಪಕ್ಕದ ಸೀಟಿನ ಮೇಲೆ ತನ್ನ ವೇಲು ಹಾಕಿ ನನಗೆ ಜಾಗ ಹಿಡಿದಿಡುತ್ತಿದ್ದಳು. ಆ ವರ್ಷ ಕಾಲೇಜಿನ ಅಣಕು ನ್ಯಾಯಾಲಯದ ಸ್ಪರ್ಧೆಗೆ ನಾವಿಬ್ಬರೂ ಒಂದು ತಂಡವಾಗಿ ಹೆಸರು ಕೊಟ್ಟಿದ್ದೆವು. ಕೊಟ್ಟಿದ್ದ ಕಥೆ ಹೀಗಿತ್ತು: ಎರಡು ಕಾಲ್ಪನಿಕ ದೇಶಗಳ ನಡುವೆ ಒಂದು ನಡುಗಡ್ಡೆ. ಅದು ಒಂದು ದೇಶದ್ದು, ಆದರೆ ಇನ್ನೊಂದು ದೇಶದ ಮೀನುಗಾರರು ತಲೆಮಾರುಗಳಿಂದ ಅಲ್ಲಿ ಬಲೆ ಒಣಗಿಸುತ್ತಿದ್ದಾರೆ. ಬರೆದ ಒಪ್ಪಂದ ಯಾವುದೂ ಇಲ್ಲ. ಈಗ ನಡುಗಡ್ಡೆಯ ಒಡೆಯ ದೇಶ ಬರಬೇಡಿ ಅನ್ನುತ್ತಿದೆ. ನಾವು ಮೀನುಗಾರರ ಕಡೆಯ ವಕೀಲರು.

ಬರೆಯದಿದ್ದರೂ ರೂಢಿಯೇ ಕಾನೂನಾಗುತ್ತದೆ ಎಂದು ನಾವು ಸಾಧಿಸಬೇಕಿತ್ತು. ಅದಕ್ಕೆ ಎರಡು ಬೇಕು: ಎಲ್ಲರೂ ಹಾಗೆ ನಡೆದುಕೊಂಡು ಬಂದಿರಬೇಕು, ಮತ್ತು ಹಾಗೆ ನಡೆಯಲೇಬೇಕು ಎಂಬ ಭಾವ ಅವರಲ್ಲಿರಬೇಕು. ಮೊದಲನೆಯದು ಅರ್ಥವಾಗಿತ್ತು. ಎರಡನೆಯದು ಮಾತ್ರ ಒಂದು ವಾರ ಕೈಗೆ ಸಿಗದೆ ಜಾರುತ್ತಿತ್ತು. ನಿಯಮ ಮುರಿದವನು ನೆಪ ಹೇಳಿದರೆ ನಿಯಮ ಇನ್ನಷ್ಟು ಗಟ್ಟಿಯಾಗುತ್ತದೆ ಎಂದು ಪುಸ್ತಕದಲ್ಲಿತ್ತು. ಮುರಿದರೆ ಗಟ್ಟಿಯಾಗುವುದು ಹೇಗೆ? ಬಸ್ಸಿನಲ್ಲಿ ಜಗಳವಾಡಿದ್ದೇ ಜಗಳವಾಡಿದ್ದು.

ಒಂದು ಬೆಳಿಗ್ಗೆ ಬಸ್ಸು ಹತ್ತಿದರೆ ನನ್ನ ಸೀಟಿನಲ್ಲಿ ಒಬ್ಬರು ಕೂತಿದ್ದಾರೆ. ಐವತ್ತರ ಆಸುಪಾಸಿನ ರೈತರು, ತೊಡೆಯ ಮೇಲೆ ರಿಪೇರಿಗೆ ಒಯ್ಯುತ್ತಿದ್ದ ಪಂಪಿನ ಮೋಟಾರು. ಗೆಳತಿಯ ವೇಲು ಕಿಟಕಿಯ ಕಂಬಿಗೆ ನೇತಾಡುತ್ತಿದೆ. ಅವಳ ಮುಖ ಕೆಂಡ.

"ವೇಲು ಹಾಕಿದ್ದೆ ಅಲ್ವಾ ಅಣ್ಣ?"

"ನೋಡ್ನಿಲ್ಲ ಕಣವ್ವ" ಎಂದರು ಅವರು.

"ನೋಡ್ದೆ ಇದ್ರೆ ಕಂಬಿಗೆ ಯಾರು ನೇತಾಕಿದ್ದು?"

ಹಿಂದಿನ ಸೀಟಿನ ಅಜ್ಜಿ ತಲೆ ಮುಂದೆ ಚಾಚಿದರು. "ವೇಲ್ ಹಾಕದ್ ಮ್ಯಾಕೆ ಮುಗೀತು, ಅದು ಆ ಮಗೀನ ಸೀಟು. ಏಳಪ್ಪ ನೀನು."

ಕಂಡಕ್ಟರ್ ನಗುತ್ತಾ, "ವೇಲ್ ಹಾಕುದ್ರೆ ಸೀಟು ಅಂತ ಎಲ್ಲೂ ಬರ್ದಿಲ್ಲ ಕಣಜ್ಜಿ" ಎಂದ.

"ಬರ್ಯಾದೇನ್ಲಾ ಅದ್ನ? ನಿಮ್ಮವ್ವನೂ ಟವಲ್ ಹಾಕೇ ಕೂತಿರದು!"

ಬಸ್ಸೆಲ್ಲ ಗೊಳ್ಳೆಂದಿತು. ಮೋಟಾರಿನವರು ಏಳುತ್ತಾ, "ಮೋಟ್ರು ಬಾರ ಕಣ್ರವ್ವ, ಅದ್ಕೆ ಕೂತ್ಬುಟ್ಟೆ, ಇಲ್ದಿದ್ರೆ ನಾನ್ಯಾಕ್ ಕೂತ್ಕತಿದ್ದೆ" ಎಂದರು.

ನನ್ನ ಮೈಯೆಲ್ಲ ಜುಮ್ಮೆಂದಿತು. ಗೆಳತಿಯ ಭುಜ ಹಿಡಿದು ಅಲುಗಾಡಿಸಿದೆ. "ಕೇಳಿಸಿಕೊಂಡ್ಯಾ? ಅಂಥ ನಿಯಮವೇ ಇಲ್ಲ ಅಂತ ಅವರು ಹೇಳಲಿಲ್ಲ ಕಣೇ! ನೆಪ ಹೇಳಿದರು! ಎರಡೆರಡು ನೆಪ! ಅಂದರೆ ನಿಯಮ ಇದೆ ಅಂತ ಒಪ್ಪಿಕೊಂಡ ಹಾಗೇ ಅಲ್ವೇನೇ!"

ಅವಳು ಒಂದು ಕ್ಷಣ ನನ್ನನ್ನೇ ನೋಡಿ, ಆಮೇಲೆ ಕಿರುಚಿದಳು. ಡ್ರೈವರ್ ಬ್ರೇಕು ಹಾಕಿದ. ನಾವಿಬ್ಬರೂ ನಗುತ್ತಾ ಅಳುತ್ತಾ ಪಾಂಡವಪುರದವರೆಗೂ ಬಂದೆವು. ಮೋಟಾರಿನವರನ್ನು ಏಳಗೊಡದೆ ಮೂವರೂ ಒತ್ತಿಕೊಂಡು ಕೂತೆವು. ಅವರು ಮಾತ್ರ ನಮಗೆ ಏನಾಗಿದೆಯೋ ಎಂದು ಕಿಟಕಿಯ ಕಡೆಗೇ ಸರಿಯುತ್ತಿದ್ದರು.

ಸ್ಪರ್ಧೆಯ ದಿನ ಬಂತು. ಗೆಳತಿ ಬಸ್ಸಿನಲ್ಲಿ ಬಾಯಿ ತೆರೆದರೆ ಬರೀ ಗಾಳಿ! ಹಿಂದಿನ ದಿನವೆಲ್ಲ ಅವಳು ತೋಟದಲ್ಲಿ ನಿಂತು ತೆಂಗಿನ ಮರಗಳೆದುರು ವಾದ ಮಂಡಿಸಿದ್ದಳಂತೆ. ಇಂಗ್ಲಿಷು ಚೆನ್ನಾಗಿದ್ದದ್ದು ಅವಳದು. ಅವಳ ಪಾಲಿನ ವಾದವನ್ನೂ ನಾನೇ ಮಾಡಬೇಕಾಯಿತು. ಶ್ರೀರಂಗಪಟ್ಟಣ ದಾಟುವಾಗ ಹೊಳೆ ಕೂಡ ನನ್ನ ಕಣ್ಣಿಗೆ ಬೀಳಲಿಲ್ಲ. ಅವಳ ಚೀಟಿಗಳನ್ನು ಬಾಯಿಪಾಠ ಮಾಡುತ್ತಿದ್ದೆ.

ನ್ಯಾಯಾಧೀಶರಾಗಿ ಬಂದಿದ್ದವರು ನಾಗಮಂಗಲದ ಹಿರಿಯ ವಕೀಲರು. ಬಿಳಿ ಮೀಸೆ, ಕನ್ನಡಕದ ಮೇಲಿಂದ ನೋಟ. ಹತ್ತು ನಿಮಿಷ ಹೇಗೋ ಇಂಗ್ಲಿಷಿನಲ್ಲಿ ಈಜಿದೆ. ಅವರು ಕೈಯೆತ್ತಿ ತಡೆದು, ನಾನು ಹೆದರುತ್ತಿದ್ದ ಪ್ರಶ್ನೆಯನ್ನೇ ಕೇಳಿದರು: ಅಭ್ಯಾಸಕ್ಕೂ ಕಾನೂನಿಗೂ ವ್ಯತ್ಯಾಸವೇನು? ಚೀಟಿಗಳನ್ನು ತಿರುವಿ ಹಾಕತೊಡಗಿದೆ. ಗೆಳತಿ ಮೇಜಿನ ಕೆಳಗಿಂದ ನನ್ನ ಕಾಲು ತುಳಿದು, ತನ್ನ ವೇಲನ್ನು ತೆಗೆದು ಪಕ್ಕದ ಕುರ್ಚಿಯ ಮೇಲೆ ಹಾಸಿದಳು.

"ಕನ್ನಡದಲ್ಲಿ ಹೇಳಬಹುದಾ ಸರ್?"

ತಲೆಯಾಡಿಸಿದರು. ನಾನು ಬಸ್ಸಿನ ಕಥೆಯನ್ನು ಪೂರ್ತಿ ಹೇಳಿಬಿಟ್ಟೆ, ಅಜ್ಜಿಯ ಮಾತೂ ಬಿಡಲಿಲ್ಲ. ಹಿಂದೆ ಕೂತಿದ್ದ ಹುಡುಗರು ನಗತೊಡಗಿದರು. ನ್ಯಾಯಾಧೀಶರ ಮೀಸೆ ಅಲುಗಿತು.

"ಅಂಗಾರೆ ವೇಲ್ ಎತ್ತಿ ಎಸ್ದು, 'ಇಂಥ ರೂಲೇ ಇಲ್ಲ, ಏನ್ ಮಾಡ್ಕತೀಯೆ' ಅಂತ ಕೂತ್ಕಂಡೋನ್ಗೆ ಏನಂತೀಯೆ?"

"ಅವನು ಕೂತೇ ಇರಬಹುದು ಸರ್. ಆದರೆ ನಾಳೆ ಅವನು ಟವಲ್ ಹಾಕಿದಾಗ ಯಾರೂ ಜಾಗ ಬಿಡಲ್ಲ."

ಅವರು ಪೆನ್ನು ಕೆಳಗಿಟ್ಟು ಜೋರಾಗಿ ನಕ್ಕರು. ಮುಂದಿನ ಐದು ನಿಮಿಷ ನಾನು ಏನು ಮಾತಾಡಿದೆನೋ ನನಗೇ ನೆನಪಿಲ್ಲ. ನೆಲದಿಂದ ಅರ್ಧ ಅಡಿ ಮೇಲೆ ನಿಂತಿದ್ದೆ ಅನ್ನಿಸುತ್ತದೆ.

ನಮಗೆ ಎರಡನೇ ಬಹುಮಾನ ಬಂತು. ಗೆದ್ದ ತಂಡದ ದಾಖಲೆಗಳು ನಮ್ಮವಕ್ಕಿಂತ ಅಚ್ಚುಕಟ್ಟಾಗಿದ್ದವು, ಅದರಲ್ಲಿ ತಕರಾರಿಲ್ಲ. ವಾಪಸ್ ಬರುವಾಗ ಶ್ರೀರಂಗಪಟ್ಟಣದಲ್ಲಿ ಸುಮ್ಮನೆ ಇಳಿದು, ಖಾರದ ಪುಡಿ ಹಾಕಿದ ಸೌತೆಕಾಯಿ ಕೊಂಡು ಹೊಳೆಯ ಮೆಟ್ಟಿಲ ಮೇಲೆ ಕೂತೆವು. ಗೆಳತಿ ದನಿಯಿಲ್ಲದೆ ನಗುತ್ತಿದ್ದಳು, ನಾನು ಇಬ್ಬರಿಗೂ ಸೇರಿಸಿ ನಗುತ್ತಿದ್ದೆ.

ಮನೆಗೆ ಬಂದು ಅಪ್ಪನಿಗೆ ನಡುಗಡ್ಡೆಯ ಕಥೆ ಹೇಳಿದೆ. ಅವರು ಕ್ಯಾನು ಹಿಡಿದು ಹಾಲಿನ ಡೈರಿಗೆ ಹೋದರು. ಸ್ವಲ್ಪ ಹೊತ್ತಿಗೆ ನಾನು ಅಂಗಡಿಗೆಂದು ಆ ದಾರಿಯಲ್ಲೇ ಹೋದರೆ, ಸಾಲಿನಲ್ಲಿ ನಿಂತ ಅಪ್ಪನ ದನಿ ರಸ್ತೆಯವರೆಗೂ ಕೇಳುತ್ತಿತ್ತು:

"ಎಲ್ಡು ದೇಸದ ಜಗಳ ಕಣ್ಲಾ! ನಮ್ಮುಡ್ಗಿ ಕನ್ನಡದಲ್ಲೇ ಮಾತಾಡಿ ಬಂದವ್ಳೆ!"

"ಯಾವ್ ದೇಸ ಅಣ್ಣೋ?" ಯಾರೋ ಕೇಳಿದರು.

ಅಪ್ಪ ಒಂದಿಷ್ಟೂ ತಡವರಿಸಲಿಲ್ಲ. "ಅವೇ ಕಣ್ಲಾ, ಸಮುದ್ರದ್ ತಾವು ಇಲ್ವಾ, ಅವು!"

ಸಾಲಿನಲ್ಲಿದ್ದವರೆಲ್ಲ ಗೊತ್ತಿರುವವರಂತೆ ತಲೆಯಾಡಿಸಿದರು. ನಾನು ಅಂಗಡಿಗೆ ಹೋಗುವುದನ್ನು ಮರೆತು, ಅಲ್ಲೇ ಬೇಲಿಯ ಪಕ್ಕ ಬಾಯಿಗೆ ಕೈ ಅಡ್ಡ ಹಿಡಿದು ನಿಂತೆ.