ಫ್ರೀಜರಿಗೆ ಇಟ್ಟ ಕುಂಕುಮ

ಕುರಿ ಹೊಟ್ಟೆಯ ಹುಳದ ಮೇಲೆ ಪಿಎಚ್‌ಡಿ ಮಾಡುತ್ತಿದ್ದೇನೆ ಎಂದರೆ ಕುಣಿಗಲ್ಲಿನ ನಮ್ಮ ನೆಂಟರು ಕುಡಿಯುತ್ತಿದ್ದ ಕಾಫಿ ಕೆಳಗಿಡುತ್ತಿದ್ದರು. "ಓದಕ್ಕೆ ಬೇರೇನೂ ಸಿಗಲಿಲ್ವೇನೇ?" ಎಂದು ದೊಡ್ಡಮ್ಮ ಕೇಳಿದ್ದರು. ಸಿಕ್ಕಿತ್ತು, ಆದರೆ ನನಗೆ ಈ ಹುಳವೇ ಬೇಕಿತ್ತು. ದಾರದಷ್ಟು ತೆಳ್ಳಗೆ, ಕೆಂಪು ಬಿಳಿ ಹೊಸೆದಂತೆ ಇರುತ್ತದೆ. ಕುರಿಯ ಹೊಟ್ಟೆಯೊಳಗೆ ಕಚ್ಚಿಕೊಂಡು ರಕ್ತ ಕುಡಿಯುತ್ತದೆ. ಔಷಧಿ ಕುಡಿಸಿದರೆ ಸಾಯಬೇಕು. ಕೆಲವು ಮಂದೆಗಳಲ್ಲಿ ಸಾಯುವುದನ್ನೇ ಬಿಟ್ಟಿತ್ತು. ಔಷಧಿ ಬಿದ್ದಾಗ ಅದರೊಳಗೆ ಯಾವ ಜೀನ್ ಎದ್ದು ಕೂರುತ್ತದೆ, ಯಾವುದು ತೆಪ್ಪಗಿರುತ್ತದೆ ಎಂದು ನೋಡುವುದು ನನ್ನ ಕೆಲಸ.

ಅಡುಗೆಮನೆಯ ಅಟ್ಟದ ಮೇಲೆ ಎಷ್ಟು ಪಾತ್ರೆ ಇದ್ದರೇನು, ಇವತ್ತು ಒಲೆ ಮೇಲೆ ಯಾವುದಿದೆ ಎನ್ನುವುದೇ ಮುಖ್ಯ. ಜೀನ್‌ಗಳ ವಿಷಯದಲ್ಲಿ ಅದನ್ನು ಹೇಳುವುದು ಆರ್‌ಎನ್‌ಎ. ಡಿಎನ್‌ಎ ಗಟ್ಟಿ ಜೀವ, ಕರಗಿಸಿ ಮತ್ತೆ ಹೆಪ್ಪುಗಟ್ಟಿಸಿದರೂ ತಡೆದುಕೊಳ್ಳುತ್ತದೆ. ಆರ್‌ಎನ್‌ಎ ಮಹಾ ನಾಜೂಕು. ಬರಿಗೈ ಸೋಕಿದರೆ ಕೆಟ್ಟಿತು, ಬೆಚ್ಚಗಾದರೆ ಕೆಟ್ಟಿತು. ಹುಳ ಸಿಕ್ಕಿದ ಕೂಡಲೇ ದ್ರವ ಸಾರಜನಕಕ್ಕೆ ಹಾಕಿ, ತುಮಕೂರಿನ ನಮ್ಮ ಲ್ಯಾಬಿಗೆ ತಂದು, ಮೈನಸ್ ಎಂಬತ್ತು ಡಿಗ್ರಿಯ ಫ್ರೀಜರಿನಲ್ಲಿ ಇಡಬೇಕು.

ನನ್ನ ಹುಳಗಳೆಲ್ಲ ಒಂದೇ ಮಂದೆಯವು. ಗುಬ್ಬಿ ಕಡೆ, ಹೆಲಿಕಾಪ್ಟರ್ ಫ್ಯಾಕ್ಟರಿ ಇರುವ ಬಿದರೆಹಳ್ಳ ಕಾವಲಿನ ಹತ್ತಿರ ಒಬ್ಬ ಹೆಂಗಸು ಕುರಿ ಮೇಯಿಸುತ್ತಿದ್ದಳು. ತಲೆ ಮೇಲೆ ಹೆಲಿಕಾಪ್ಟರ್ ಹಾರಿದರೂ ಕತ್ತೆತ್ತಿ ನೋಡದ ಹೆಂಗಸು. ಅವಳ ಮಂದೆಯ ಕುರಿ ಕಡಿಯುವ ದಿನ ಫೋನ್ ಮಾಡಿಸುತ್ತಿದ್ದಳು. ಹಸುಗಳಿಗೆ ಇಂಜೆಕ್ಷನ್ ಕೊಡುವವರು ವೀರ್ಯದ ಕಡ್ಡಿ ಇಟ್ಟುಕೊಳ್ಳುತ್ತಾರಲ್ಲ, ಅಂಥ ಸಾರಜನಕದ ಕ್ಯಾನನ್ನು ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ನಾನು ಓಡುತ್ತಿದ್ದೆ.

"ಎಲ್ಡ್ ಕಿತ ಔಷ್ದಿ ಹುಯ್ದಿವ್ನಿ ಕಣವ್ವ, ಸಾಯಾಕಿಲ್ಲ ಅಂತವೆ," ಎಂದು ಅವಳು ಒಂದು ಕುರಿಯ ಕಣ್ಣಿನ ರೆಪ್ಪೆ ಬಿಡಿಸಿ ತೋರಿಸಿದ್ದಳು. "ನೋಡು, ಒಳ್ಗೆ ಸುಣ್ಣ ಬಳ್ದಂಗೈತೆ."

"ಇದ್ರ ಗುಟ್ಟು ಗೊತ್ತಾದ್ರೆ ಮೊದ್ಲು ನಿಮ್ಗೇ ಬಂದು ಹೇಳ್ತೀನಿ ಕಣಮ್ಮ," ಎಂದಿದ್ದೆ. ಬಾಯುಪಚಾರಕ್ಕೆ ಹೇಳಿದ ಮಾತಲ್ಲ ಅದು. ಅವಳಿಗೆ ಏನಾದರೂ ಹೇಳಬೇಕೆಂದೇ ನಾನು ಆ ಕೆಲಸ ಮಾಡುತ್ತಿದ್ದೆ.

ಆ ಮಳೆಗಾಲದಲ್ಲಿ ಅವಳ ಕುರಿಗಳು ಒಂದೊಂದೇ ಬಿದ್ದವು. ಗದ್ದದ ಕೆಳಗೆ ನೀರು ತುಂಬಿಕೊಂಡು, ನಿಂತಲ್ಲೇ ಕುಸಿದವು. ಉಳಿದವನ್ನು ಅವಳು ವ್ಯಾಪಾರಿಗೆ ಮಾರಿಬಿಟ್ಟಳು. ಅಲ್ಲಿಗೆ ಆ ಮಂದೆ ಮುಗಿಯಿತು. ಅದರ ಹುಳ ಉಳಿದದ್ದು ನನ್ನ ಫ್ರೀಜರಿನಲ್ಲಿ ಮಾತ್ರ.

ಆಮೇಲೆ ನವರಾತ್ರಿ ಬಂತು. ನಾನು ಊರಿಗೆ ಹೊರಡುವಾಗ ಫ್ರೀಜರಿನ ಬಾಗಿಲಿಗೆ ಕೆಂಪಕ್ಷರದಲ್ಲಿ "ದಯವಿಟ್ಟು ಆಫ್ ಮಾಡಬೇಡಿ" ಎಂದು ಬರೆದು ಅಂಟಿಸಿದ್ದೆ. ಹಬ್ಬ ಮುಗಿಸಿ ಬಂದಾಗ ಲ್ಯಾಬು ಮದುವೆ ಮನೆಯಂತಿತ್ತು. ಬಾಗಿಲಿಗೆ ಬಾಳೆಕಂದು, ಸೂಕ್ಷ್ಮದರ್ಶಕದ ಕುತ್ತಿಗೆಗೆ ಚೆಂಡುಹೂವಿನ ಹಾರ, ಕಿಟಕಿ ಸಂದಿಯಲ್ಲಿ ಕಡ್ಲೆಪುರಿ. ನನ್ನ ಚೀಟಿಯ ನಡುವೆಯೂ ವಿಭೂತಿ ಬಳಿದು ಕುಂಕುಮ ಇಟ್ಟಿದ್ದರು. ಫ್ರೀಜರಿನ ಮುಖದ ಮೇಲೆ ಮೈನಸ್ ಎಂಬತ್ತು ಎಂದೇ ತೋರಿಸುತ್ತಿತ್ತು. ನಾನು ನಕ್ಕು ಸುಮ್ಮನಾದೆ.

ಮರುವಾರ ಹುಳಗಳಿಂದ ಆರ್‌ಎನ್‌ಎ ತೆಗೆದು ಜೆಲ್ ಎನ್ನುವ ಲೋಳೆ ಬಿಲ್ಲೆಯ ಮೇಲೆ ಕರೆಂಟು ಹಾಯಿಸಿ ಓಡಿಸಿದೆ. ಚೆನ್ನಾಗಿದ್ದರೆ ಗೆರೆ ಎಳೆದಂತೆ ಸ್ಪಷ್ಟವಾಗಿ ಕಾಣಬೇಕು. ಕಂಡದ್ದು ಬೆರಳಲ್ಲಿ ಒರೆಸಿದ ಕಾಡಿಗೆಯಂಥ ಕೊಳೆ. ಇನ್ನೊಂದು ಡಬ್ಬಿ ತೆಗೆದೆ, ಅದೂ ಹಾಗೇ. ಎಲ್ಲವೂ ಹಾಗೇ. ಪಕ್ಕದ ಬೆಂಚಿನವರದೆಲ್ಲ ಡಿಎನ್‌ಎ ಕೆಲಸ. ಅದೇ ಫ್ರೀಜರಿನಲ್ಲಿದ್ದ ಅವರದು ಯಾವುದೂ ಕೆಟ್ಟಿರಲಿಲ್ಲ.

ನನ್ನ ಗೈಡ್ ಜೆಲ್ಲಿನ ಫೋಟೋ ಬೆಳಕಿಗೆ ಹಿಡಿದು ನೋಡಿದರು. ನಿಧಾನಸ್ಥರು, ಎಂದೂ ದನಿ ಎತ್ತಿದವರಲ್ಲ. ಆಗಲೂ ಎತ್ತಲಿಲ್ಲ.

"ಎಲ್ರುದ್ದೂ ಸರಿಯಾಗಿದೆ. ನಿಂದೊಂದೇ ಕೆಟ್ಟಿದೆ ಅಂದ್ರೆ ಏನಮ್ಮ ಅರ್ಥ? ಕೈಗುಣ ಕಣಮ್ಮ. ಕೆಲವ್ರ ಕೈಗೆ ಆರ್‌ಎನ್‌ಎ ಒಗ್ಗಲ್ಲ."

ವಿಜ್ಞಾನಿ ಆಡುವ ಮಾತೇ ಇದು? ಆದರೆ ನಾನು ನಂಬಿದೆ. ಬರಿಗೈ ಸೋಕಿದರೆ ಆರ್‌ಎನ್‌ಎ ಕೆಡುವುದು ಸುಳ್ಳಲ್ಲವಲ್ಲ. ಗ್ಲೌಸ್ ಮೇಲೆ ಗ್ಲೌಸ್ ಹಾಕಿಕೊಂಡೆ. ಬೆಂಚು ಉಜ್ಜಿದ್ದೇ ಉಜ್ಜಿದ್ದು. ಬೇರೆ ಕಡೆಯಿಂದ ಹೊಸ ಹುಳ ತಂದು ಮಾಡಿದೆ, ಗೆರೆ ಚೆನ್ನಾಗಿ ಬಂತು. ಕುಣಿದುಕೊಂಡು ಹೋಗಿ ತೋರಿಸಿದರೆ, "ಈಗ ಕಲ್ತಿದ್ದೀಯ ಅಂತಾಯ್ತು. ಹಳೇದನ್ನ ಕಲಿಯೋಕ್ ಮುಂಚೆನೇ ಕೆಡಿಸ್ಕೊಂಡಿದ್ದೀಯ," ಎಂದರು. ಹೊಸ ಹುಡುಗಿಯರಿಗೆ ಅವರು ನನ್ನ ಎದುರೇ ಹೇಳುತ್ತಿದ್ದರು, "ಸ್ಯಾಂಪಲ್ ಇವ್ಳ ಕೈಗೆ ಕೊಡಬೇಡ್ರಮ್ಮ." ಎಲ್ಲರೂ ನಗುತ್ತಿದ್ದರು. ನಾನೂ ಹಲ್ಲು ಬಿಡುತ್ತಿದ್ದೆ.

ಆ ಬೇಸಿಗೆಯಲ್ಲಿ ಕುಣಿಗಲ್ಲಿನ ಮನೆಯಲ್ಲಿ ಮಾವಿನ ಮಿಡಿ ಉಪ್ಪಿಗೆ ಹಾಕುವಾಗ ಅಮ್ಮ ನನ್ನನ್ನು ಕರೆದರು. ನಾನು ಜಾಡಿ ಮುಟ್ಟಲಿಲ್ಲ. "ಅತ್ತಿಗೆ ಕೈಲಿ ಹಾಕ್ಸಮ್ಮ, ನಾನ್ ಹಾಕಿದ್ರೆ ಬೂಷ್ಟು ಬಂದ್ಬಿಡುತ್ತೆ," ಎಂದೆ. ಅಮ್ಮ ನನ್ನನ್ನೇ ನೋಡಿ, ಜಾಡಿಯನ್ನು ಅತ್ತಿಗೆಯ ಕಡೆ ಸರಿಸಿದರು. ಅವತ್ತು ಬಚ್ಚಲಿಗೆ ಹೋಗಿ ಅತ್ತೆ. ಮೂಢನಂಬಿಕೆಯ ವಿರುದ್ಧ ಶಾಲೆಗಳಲ್ಲಿ ಭಾಷಣ ಮಾಡಿ ಬಂದವಳು ನಾನು.

ಮತ್ತೆ ಆಯುಧಪೂಜೆ ಬಂತು. ಈ ಸಲ ಊರಿಗೆ ಹೋಗಲಿಲ್ಲ. ಹಬ್ಬಕ್ಕೆ ರಜೆ ಇದ್ದದ್ದರಿಂದ ಲ್ಯಾಬಿನ ಪೂಜೆ ಹಿಂದಿನ ದಿನ ಸಂಜೆಯೇ. ಅಟೆಂಡರ್ ನೆಲ ತೊಳೆದು, ಒಂದೊಂದೇ ಮಿಷಿನ್ನಿನ ಪ್ಲಗ್ ಕಿತ್ತು, ಒರೆಸಿ, ಕುಂಕುಮ ಇಡುತ್ತಾ ಬಂದ. ಫ್ರೀಜರಿನ ಪ್ಲಗ್ಗಿಗೆ ಕೈ ಹಾಕಿದಾಗ ನಾನು ಕಿರುಚಿದೆ.

"ಯಾಕ್ ಮೇಡಂ? ಇವತ್ತು ಕೆಲ್ಸ ಮಾಡುಸ್ಬಾರ್ದಲ್ವಾ? ಆಯುಧಕ್ಕೂ ಒಂದಿನ ರೆಸ್ಟ್ ಬ್ಯಾಡ್ವಾ? ಯಾವ ಮಿಷಿನ್ನೂ ಓಡಂಗಿಲ್ಲ ಅಂತ ಸಾರ್ ಹೇಳವ್ರೆ. ಓದ್ ವರ್ಷಾನೂ ಆಫ್ ಮಾಡಿದ್ವಿ. ಕುಂಯ್ ಕುಂಯ್ ಅಂತ ಅರುಚ್ಕಂತು, ಅದ್ರ ಬಟನ್ನೂ ಒತ್ಬುಟ್ಟೆ."

ಸ್ಟೂಲ್ ಎಳೆದುಕೊಂಡು ಕೂತೆ. ಆಮೇಲೆ ಯಾರು ಆನ್ ಮಾಡಿದರು ಎಂದು ಕೇಳಿದೆ.

"ಸಾರೇ ಮೇಡಂ. ವಿಜಯದಶಮಿ ದಿನ ಬಂದ್ರು. ಒಳ್ಗಿನ ಐಸೆಲ್ಲಾ ಕರಗಿ ನೀರು ನೆಲಕ್ಕೆ ಹರ್ದಿತ್ತು. ಒರುಸ್ಬುಡು, ಆ ಹುಡುಗಿಗ್ ಹೇಳ್ಬ್ಯಾಡ, ಸುಮ್ನೆ ಬೇಜಾರ್ ಮಾಡ್ಕಂತಾಳೆ ಅಂದ್ರು."

ಅವನ ಮೇಲೆ ಸಿಟ್ಟು ಬರಲಿಲ್ಲ. ಅವನು ಭಕ್ತಿಯಿಂದ ಮಾಡಿದ್ದ. ಬಾಗಿಲ ಮೇಲಿದ್ದ ನನ್ನ ಚೀಟಿಗಿಂತ ಸಾಹೇಬರ ಮಾತು ದೊಡ್ಡದೆಂದು ಮಾಡಿದ್ದ. ಆದರೆ ಇನ್ನೊಬ್ಬರು, ನನ್ನ ಗೈಡ್? ನೀರು ಕಂಡಾಗಲೇ ಅವರಿಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೂ ಜೆಲ್ಲಿನ ಫೋಟೋ ಬೆಳಕಿಗೆ ಹಿಡಿದು ನೋಡುವ ನಾಟಕ ಮಾಡಿದ್ದರು. ತಪ್ಪು ಒಪ್ಪಿಕೊಂಡಿದ್ದರೆ ನಾನು ಎರಡು ದಿನ ಅತ್ತು ಕೆಲಸ ಹಿಡಿಯುತ್ತಿದ್ದೆ. ಅವರು ನನ್ನ ಕೈಯನ್ನೇ ನನ್ನಿಂದ ಕಿತ್ತುಕೊಂಡಿದ್ದರು.

ನೇರ ಅವರ ಕೋಣೆಗೆ ಹೋಗಿ ಕೇಳಿದೆ. ಕಡ್ಲೆಪುರಿಗೆ ಬೆಲ್ಲದ ಚೂರು ಬೆರೆಸುತ್ತಾ ಕೂತಿದ್ದರು. ತಲೆ ಎತ್ತಿ, "ಆಗಿದ್ದು ಆಗೋಯ್ತಲ್ಲಮ್ಮ. ಹಬ್ಬದ ದಿನ ಯಾಕೆ? ತಗೋ, ಪ್ರಸಾದ," ಎಂದು ಒಂದು ಹಿಡಿ ಚಾಚಿದರು. ನಾನು ಕೈ ಒಡ್ಡಲಿಲ್ಲ. ಅದೇ ನನ್ನ ಪ್ರತಿಭಟನೆ ಎಂದರೆ ಈಗ ನಾಚಿಕೆಯಾಗುತ್ತದೆ. ಥೀಸಿಸ್ಸಿಗೆ ಅವರ ಸಹಿ ಬೇಕಿತ್ತು. ಬೇರೆ ಹುಳದ ಮೇಲೆ, ಔಷಧಿಗೆ ಸುಲಭವಾಗಿ ಸಾಯುವ ಹುಳದ ಮೇಲೆ, ಥೀಸಿಸ್ ಬರೆದು ಡಾಕ್ಟರ್ ಆದೆ. ನನಗೆ ಶಾಲು ಹೊದಿಸಿದವರೂ ಅವರೇ.

ಮೊನ್ನೆ ತುಮಕೂರು ಬಸ್ ಸ್ಟ್ಯಾಂಡಿನಲ್ಲಿ ಅವಳು ಸಿಕ್ಕಳು, ಆ ಕುರಿಯ ಹೆಂಗಸು. ಇಲ್ಲೇ ಸತ್ಯಮಂಗಲದ ಯಾವುದೋ ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಕೆಲಸವಂತೆ. ಕುತ್ತಿಗೆಯಲ್ಲಿ ಐಡಿ ಕಾರ್ಡು ನೇತಾಡುತ್ತಿತ್ತು. ಅವಳೇ ಗುರುತು ಹಿಡಿದು ನನ್ನ ತೋಳು ಹಿಡಿದುಕೊಂಡಳು.

"ಬಂದು ಹೇಳ್ತೀನಿ ಅಂದಿದ್ದೆ, ಬರ್ಲೇ ಇಲ್ವಲ್ಲವ್ವ. ಏನಂತೆ ಆ ಹುಳುದ್ ಗುಟ್ಟು?"

"ಗೊತ್ತಾಗ್ಲಿಲ್ಲ ಕಣಮ್ಮ. ನೋಡೋಕ್ ಮುಂಚೆನೇ ಕೆಟ್ಟೋದ್ವು."

"ಅಯ್ಯೋ, ನಿನ್ ಕೈಲೇ ಕೆಟ್ಟೋದ್ವಾ?"

"ಇಲ್ಲ, ನನ್ ಕೈಲಲ್ಲ!" ಎಂದೆ. ದನಿ ಎಷ್ಟು ಜೋರಾಯಿತೆಂದರೆ ಪಕ್ಕದಲ್ಲಿದ್ದವರು ತಿರುಗಿ ನೋಡಿದರು. ಇಷ್ಟು ವರ್ಷ ಯಾರ ಎದುರೂ ಆಡಲಾಗದ ಮಾತು ಕೊನೆಗೂ ಬಾಯಿಂದ ಬಂದಿತ್ತು. ಅವಳು ಏನಾದರೂ ಸಮಾಧಾನ ಹೇಳುತ್ತಾಳೆಂದು ಮುಖ ನೋಡಿದೆ.

ಗುಬ್ಬಿ ಬಸ್ಸು ಬಂತು. ಅವಳು ನನ್ನ ತೋಳು ಬಿಟ್ಟು ಚೀಲ ಎತ್ತಿಕೊಂಡಳು.

"ಯಾರ್ ಕೈಲಾದ್ರೇನು ಬುಡವ್ವ," ಎಂದಳು. "ನನ್ ಕುರಿ ಹೋದ್ವು."