ಕಾಫಿ ಕಣದ ಕ್ಲಚ್ಚು

ನಮ್ಮ ಕಾರಿನ ಕ್ಲಚ್ ಸುಟ್ಟದ್ದು ನನ್ನಿಂದಲೇ ಎಂದು ಮನೆಯಲ್ಲಿ ತೀರ್ಮಾನವಾಗಲು ಒಂದು ಲೋಟ ಕಾಫಿ ಆರುವಷ್ಟು ಹೊತ್ತೂ ಹಿಡಿಯಲಿಲ್ಲ. ಬೆಳಗೋಡಿನಿಂದ ಬಂದು ನಮ್ಮ ತೋಟದ ಗೇಟಿನ ಏರು ಹತ್ತುವಾಗ ಸುಟ್ಟ ವಾಸನೆ ಬಂತು. ಇಂಜಿನ್ ಅರಚಿಕೊಂಡಿತೇ ಹೊರತು ಕಾರು ಮುಂದಕ್ಕೆ ಹೋಗಲಿಲ್ಲ. ಆಗ ಸ್ಟೇರಿಂಗ್ ಹಿಡಿದಿದ್ದವಳು ನಾನು, ಲೈಸೆನ್ಸ್ ಕೈಗೆ ಬಂದು ಇನ್ನೂ ವರ್ಷ ತುಂಬದವಳು. ಕಾರು ಕೊಂಡ ದಿನದಿಂದ ಅದನ್ನು ಓಡಿಸುತ್ತಿರುವ ನಮ್ಮ ಯಜಮಾನರ ಮೇಲೆ ಯಾರಿಗೆ ತಾನೇ ಅನುಮಾನ ಬರುತ್ತದೆ?

"ಏರು ಜಾಸ್ತಿ ಐತಲ್ರೀ" ಅಂದೆ.

"ಕುಣಿಯಕ್ ಬರ್ದೋಳು ನೆಲ ಡೊಂಕು ಅಂದ್ಲಂತೆ. ಇನ್ಮೇಲೆ ಕೀ ನನ್ ಜೇಬಲ್ಲೇ ಇರ್ತದೆ" ಅಂದರು.

ನನಗೆ ಅಳುವೇ ಬಂತು. ಮುಂದಿನ ವಾರ ಹೆಗ್ಗದ್ದೆಯ ನನ್ನ ತವರಿನಲ್ಲಿ ಅಣ್ಣನ ಮೊಮ್ಮಗಳಿಗೆ ನಾಮಕರಣವಿತ್ತು. ಈ ಸಲ ನಾನೇ ಕಾರು ಓಡಿಸಿಕೊಂಡು ಬರುತ್ತೇನೆ ಎಂದು ಅತ್ತಿಗೆಗೆ ಫೋನಿನಲ್ಲಿ ಜಂಬ ಕೊಚ್ಚಿದ್ದೆ. ಅತ್ತಿಗೆಗೆ ಹೇಳಿದರೆ ಊರಿಗೇ ಹೇಳಿದ ಹಾಗೆ.

ಸಕಲೇಶಪುರದ ಗ್ಯಾರೇಜಿನವರು ಗಾಡಿ ಎಳೆದುಕೊಂಡು ಬನ್ನಿ ಅಂದರು. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮೆಷಿನ್ ಬಿಚ್ಚಿ ಕಟ್ಟಿದವರಿಗೆ ಕ್ಲಚ್ ಯಾವ ಲೆಕ್ಕ ಎಂದು ನಮ್ಮವರು ಮೊಬೈಲಿನಲ್ಲಿ ಎರಡು ವಿಡಿಯೋ ನೋಡಿ ಸಾಮಾನು ತಂದೇಬಿಟ್ಟರು. ಜೊತೆಗೆ ಪಕ್ಕದ ತೋಟದ ದಾಯಾದಿ ಭಾವನನ್ನು ಕರೆದರು. ಟ್ರ್ಯಾಕ್ಟರ್ ರಿಪೇರಿಯಲ್ಲಿ ಅವರ ಕೈ ಪಳಗಿತ್ತು. ನಮ್ಮಲ್ಲಿ ಮಟ್ಟಸವಾದ ಜಾಗ ಅಂತ ಇರುವುದು ಕಾಫಿ ಒಣಗಿಸುವ ಸಿಮೆಂಟ್ ಕಣ ಒಂದೇ. ಕೊಯ್ಲಿನ ಕಾಲ, ಕಣದ ತುಂಬ ಕಾಫಿ ಹಣ್ಣು ಹರಡಿತ್ತು. ಒಂದು ಮೂಲೆ ತೆರವು ಮಾಡಿ ಕಾರನ್ನು ಅಲ್ಲಿಗೆ ತಳ್ಳಿದರು. ಹಲಸಿನ ದಿಮ್ಮಿಗಳ ಮೇಲೆ ಅದನ್ನು ಎತ್ತಿ ನಿಲ್ಲಿಸಿ, ಗೇರ್‌ಬಾಕ್ಸನ್ನು ಕಾಫಿ ಚೀಲದ ಮೇಲೆ ಬಾಣಂತಿಯನ್ನು ಮಲಗಿಸುವ ಹಾಗೆ ಮೆಲ್ಲಗೆ ಇಳಿಸಿದರು.

ಭಾವ ಒಳಗಿನ ಬೇರಿಂಗ್ ತಿರುಗಿಸಿ ನೋಡಿ, "ಏರಿನಿಂದ ಆಗಿದ್ದಲ್ಲ ಮಾರಾಯ ಇದು. ಯಾರೋ ಹಗಲೂ ರಾತ್ರಿ ಕ್ಲಚ್ ಪೆಡಲ್ ಮೇಲೆ ಕಾಲು ಮಡಗಿಕೊಂಡೇ ಓಡ್ಸವ್ರೆ" ಅಂದರು.

ಎಲ್ಲರೂ ನನ್ನ ಕಾಲು ನೋಡಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ನಾನೂ ಸುಮ್ಮನಿರಲಾರದೆ ಕಾಲನ್ನು ಸೀರೆಯೊಳಗೆ ಎಳೆದುಕೊಂಡೆ. ಅಲ್ಲಿಗೆ ಕೇಸು ಮುಗಿಯಿತು.

ಬಿಚ್ಚಿದ ಬೋಲ್ಟುಗಳನ್ನೆಲ್ಲ ನಮ್ಮವರು ಕಾಫಿ ಹಣ್ಣಿನ ಅಂಚಿಗೆ ಸಾಲಾಗಿ ಜೋಡಿಸಿದ್ದರು. ಮೊದಲು ಬಿಚ್ಚಿದ್ದು ಈ ಕಡೆ, ಕೊನೆಗೆ ಬಿಚ್ಚಿದ್ದು ಆ ಕಡೆ. "ಯಾರಾದ್ರೂ ಮುಟ್ಟಿದ್ರೆ ನೋಡಿ ಮತ್ತೆ" ಎಂದು ಮೊದಲೇ ಎಚ್ಚರಿಸಿದ್ದರು, ಅದೂ ನನ್ನ ಮುಖ ನೋಡಿಕೊಂಡು.

ಸಂಜೆಯಾಗುವಷ್ಟರಲ್ಲಿ ನಮ್ಮ ಅತ್ತೆ ಜಗಲಿಯಿಂದ ಕೂಗಿದರು: "ಮೋಡ ಕವ್ಕೊಂತು ಕಣ್ರೋ! ಕಾಫಿ ಎಳೀರಿ!"

ಕಾಫಿ ಬೆಳೆಯುವವರ ಮನೆಯಲ್ಲಿ ಆ ಕೂಗಿಗೆ ಉಣ್ಣುತ್ತಿದ್ದವರೂ ಎದ್ದು ಓಡುತ್ತಾರೆ. ಒಣಗುತ್ತಿರುವ ಹಣ್ಣು ನೆನೆದರೆ ವರ್ಷದ ದುಡಿಮೆಗೆ ಬೂಸ್ಟು ಹಿಡಿಯುತ್ತದೆ. ಕಾರಿನಡಿಯಲ್ಲಿದ್ದ ನಮ್ಮವರು ತೆವಳಿಕೊಂಡು ಬಂದು ಎಳೆಹಲಗೆ ಹಿಡಿದು ಒಂದೇ ಉಸಿರಿಗೆ ಎಳೆದರು, ರಾಶಿ ಮಾಡಿದರು, ಟಾರ್ಪಾಲು ಹೊದಿಸಿದರು. ಆಮೇಲೆ ಸೊಂಟದ ಮೇಲೆ ಕೈಯಿಟ್ಟು ಸಮಾಧಾನದಿಂದ ಖಾಲಿ ಕಣ ನೋಡಿದರು. ಕಣ ನಿಜಕ್ಕೂ ಖಾಲಿಯಾಗಿತ್ತು. ಒಂದು ಬೋಲ್ಟೂ ಇರಲಿಲ್ಲ.

ಮಳೆ ಒಂದು ಹನಿಯೂ ಬೀಳಲಿಲ್ಲ.

"ಬೋಲ್ಟು ಯಾರೋ ಮುಟ್ಟಿದ್ದು?" ಎಂದು ಭಾವ ಕೇಳಿದರು. ನಾನು ಬಾಯಿಗೆ ಸೆರಗು ತುರುಕಿಕೊಂಡು ಅಡುಗೆಮನೆಗೆ ಓಡಿದೆ. ಅಷ್ಟು ನಕ್ಕು ಬಹಳ ದಿನವಾಗಿತ್ತು.

ಮರುದಿನ ರಾಶಿಯನ್ನು ಮತ್ತೆ ಹರಡಿ, ಹಳೆಯ ಸ್ಪೀಕರಿನ ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ, ನಾನೂ ಅತ್ತೆಯೂ ಕಣದ ತುಂಬ ಕೋಳಿ ಕೆದಕಿದ ಹಾಗೆ ಕೆದಕಿದೆವು. ಒಂದನ್ನು ಬಿಟ್ಟು ಎಲ್ಲ ಸಿಕ್ಕವು. ಆ ಒಂದರ ಬದಲು ಭಾವ ತಮ್ಮ ಡಬ್ಬಿಯಿಂದ ಸರಿಹೊಂದುವುದನ್ನು ಕೊಟ್ಟರು. ಹೊಸ ಕ್ಲಚ್ ಪ್ಲೇಟನ್ನು ನಡುವಿಗೆ ಕೂರಿಸಲು ಕಾಫಿ ಗಿಡದ ಕೋಲನ್ನೇ ಕೆತ್ತಿಕೊಂಡರು. ಗೇರ್‌ಬಾಕ್ಸ್ ಮೇಲೆತ್ತುವಾಗ ನಮ್ಮವರ ಎಡಗೈ ಹೆಬ್ಬೆರಳು ಸಿಕ್ಕಿಕೊಂಡು ಬದನೆಕಾಯಿಯಾಯಿತು. ಅಂತೂ ಕ್ಲಚ್ ಕೂತಿತು.

ನಾಮಕರಣದ ಬೆಳಿಗ್ಗೆಯೂ ಹೆಬ್ಬೆರಳಿನ ಬ್ಯಾಂಡೇಜು ಹಾಗೇ ಇತ್ತು. ಗೇರ್ ಹಾಕಲು ಅವರಿಗೆ ಆಗುವಂತಿರಲಿಲ್ಲ.

"ಬಸ್ಸಿಗೇ ಹೋಗನ" ಅಂದರು.

ಹೊಸ ಸೀರೆ ಉಟ್ಟು ನಿಂತಿದ್ದ ನಾನು ಬಸ್ಸಿನ ನೂಕುನುಗ್ಗಲಿಗೆಂದು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಅತ್ತೆ ಮಾತ್ರ, "ಕಾರು ಬಾಗ್ಲಲ್ಲಿ ಮಡಗಿ ಬಸ್ಸಿಗೆ ಹೋದ್ರೆ ಬೀಗರ ಮುಂದೆ ನನ್ ಮರ್ವಾದೆ ಏನಾಗ್ಬೇಕು? ಕೀ ಅವಳ್ ಕೈಗೆ ಕೊಡೋ" ಎಂದು ಹೇಳಿ ಹಿಂದಿನ ಸೀಟಿನ ನಡುವೆ ಕೂತೇಬಿಟ್ಟರು. ಆ ಕ್ಷಣ ಅತ್ತೆಯನ್ನು ಎಷ್ಟು ಪ್ರೀತಿಸಿದೆನೋ, ಮದುವೆಯಾದಾಗಿನಿಂದ ಒಟ್ಟು ಅಷ್ಟು ಪ್ರೀತಿಸಿರಲಿಲ್ಲ.

ಗೇಟಿನ ಏರನ್ನು ಕಾರು ಬೆಣ್ಣೆಯ ಹಾಗೆ ಇಳಿಯಿತು. ಪಕ್ಕದಲ್ಲಿ ಕೂತ ನಮ್ಮವರು ಬಾಯಿ ಮುಚ್ಚಲಿಲ್ಲ. "ಹಾರ್ನ್ ಹೊಡಿ. ಗೇರ್ ಇಳ್ಸು. ಪೆಡಲ್ ಮೇಲಿಂದ ಕಾಲು ತೆಗಿ, ಕಾಲು ತೆಗಿ." ನಾನು ಗೇರ್ ಬದಲಿಸಿದೊಡನೆ ಕ್ಲಚ್ ಮೇಲಿನ ಎಡಗಾಲನ್ನು ಎತ್ತಿ ಬದಿಗಿಡುತ್ತಿದ್ದೆ. ಆದರೂ ಅದೇ ರಾಗ. ಹೆಗ್ಗದ್ದೆ ಇನ್ನೂ ದೂರವಿತ್ತು, ನನಗೆ ತಲೆ ಚಿಟ್ಟು ಹಿಡಿಯಿತು.

ಒಂದು ನೇರ ದಾರಿಯಲ್ಲಿ ಅತ್ತೆ ಎರಡು ಸೀಟುಗಳ ನಡುವೆ ಮುಖ ತೂರಿಸಿ ಕೆಳಗೆ ನೋಡತೊಡಗಿದರು. ಮೊದಲು ನನ್ನ ಕಾಲು. ಆಮೇಲೆ ಮಗನ ಕಾಲು. ನಾನೂ ಓರೆಗಣ್ಣಿನಲ್ಲಿ ನೋಡಿದೆ. ಯಜಮಾನರ ಬಲಗಾಲು ಆರಾಮವಾಗಿತ್ತು. ಎಡಗಾಲು ಮಾತ್ರ ಮುಂದಕ್ಕೆ ಚಾಚಿಕೊಂಡು, ಏನೂ ಇಲ್ಲದ ಜಾಗದಲ್ಲಿ ಮ್ಯಾಟನ್ನು ಒತ್ತಿ ಹಿಡಿದಿತ್ತು.

"ಲೋ ಮಗಾ" ಅಂದರು ಅತ್ತೆ, "ಕಾಲು ತೆಗಿಯೋ. ಹೊಸಾ ಕ್ಲಚ್ಚು ಕಣೋ."