ಫ್ಲಾಕ್ಸ್ ಪಾತಿಯಲ್ಲಿ ಒಂದು ಸಂಜೆ

ಊಟಿಯಲ್ಲಿರುವ ನನ್ನಕ್ಕ ಕೊಟ್ಟ ಬೇರಿನ ತುಂಡುಗಳಿಂದ, ಕಾಡಂಚಿನ ದೊಡ್ಡಗಾಜನೂರಿನ ನಮ್ಮ ಹಿತ್ತಲಲ್ಲಿ ಫ್ಲಾಕ್ಸ್ ಹೂವಿನ ಪಾತಿ ಎದ್ದಿತ್ತು. ವರ್ಷಕ್ಕೊಮ್ಮೆ ಕಾಂಡವೆಲ್ಲ ಒಣಗುತ್ತದೆ, ಬೇರು ಮಾತ್ರ ಸಾಯುವುದಿಲ್ಲ. ಬೇಸಿಗೆಯ ಮೊದಲ ಮಳೆ ಬಿದ್ದರೆ ಮತ್ತೆ ಚಿಗುರಿ, ಸೊಂಟದೆತ್ತರ ಬೆಳೆದು, ತಿಳಿಗುಲಾಬಿ ಬಣ್ಣದ ಗೊಂಚಲು ಬಿಡುತ್ತದೆ. ಸಂಜೆ ಅದರ ಘಮ ಅಡುಗೆಮನೆಗೂ ಬರುತ್ತಿತ್ತು.

"ಮುಡಿಯಕ್ಕೂ ಆಗಲ್ಲ, ಶಿವನಿಗೆ ಏರ್ಸಕ್ಕೂ ಆಗಲ್ಲ, ಇದ್ಯಾತರ ಊವವ್ವ?" ಎನ್ನುತ್ತಿದ್ದರು ನಮ್ಮತ್ತೆ.

ಆ ಸಂಜೆ ಇನ್ನೂ ಬೆಳಕಿತ್ತು. ಬಾಡಿದ ಗೊಂಚಲು ಚಿವುಟಿದರೆ ಇನ್ನೊಂದು ಸಲ ಹೂ ಬರುತ್ತದೆಂದು ಪಾತಿಯೊಳಗೆ ಬಗ್ಗಿ ನಿಂತಿದ್ದೆ. ಹಿಂದಿನಿಂದ ದೊಡ್ಡ ಉಸಿರೊಂದು ಕೇಳಿಸಿತು. ಎಮ್ಮೆ ಹಗ್ಗ ಬಿಚ್ಚಿಕೊಂಡು ಬಂದಿರಬೇಕು ಎಂದುಕೊಂಡು, ತಿರುಗದೆಯೇ "ಓಗು ಅತ್ಲಾಗೆ" ಎಂದು ಕೈ ಬೀಸಿದೆ. ಕೈಗೆ ಒರಟಾಗಿ, ಬೆಚ್ಚಗೆ ಏನೋ ತಾಕಿತು.

ತಿರುಗಿದರೆ ಆನೆ. ಅಷ್ಟು ದೊಡ್ಡ ಜೀವ ಒಂದು ಕಡ್ಡಿಯನ್ನೂ ಮುರಿಯದೆ ಹೇಗೆ ಬಂತೋ!

ಇದ್ದಲ್ಲೇ ಗಿಡಗಳ ನಡುವೆ ಕುಸಿದು ಕೂತೆ. ಹಿತ್ತಲ ಬಾಗಿಲಲ್ಲಿದ್ದ ಅತ್ತೆ, ಕರುವಿನ ಜೊತೆ ಮಾತಾಡುವ ಹಾಗೆ ಮೆಲ್ಲಗೆ ಹೇಳಿದರು: "ಅಲ್ಲಾಡ್ಬ್ಯಾಡ ಕಣವ್ವ. ಅದ್ರ ಪಾಡಿಗೆ ಅದು ಓಯ್ತದೆ. ಅಂಗೇ ಕೂತಿರು."

ಸೊಂಡಿಲು ನನ್ನ ತಲೆಯ ಮೇಲಿಂದ ಹಾದು ಹೂಗಳನ್ನು ಮೂಸಿತು. ಒಂದು ಬುಡವನ್ನು ಬೇರು ಸಮೇತ ಕಿತ್ತು, ಕಾಲಿಗೆ ಬಡಿದು ಮಣ್ಣು ಕೊಡವಿತು. ಆ ಮಣ್ಣೆಲ್ಲ ನನ್ನ ಕಣ್ಣು ಬಾಯಿಗೆ. ರುಚಿಸಲಿಲ್ಲವೋ ಏನೋ, ಗಿಡವನ್ನು ನನ್ನ ಮಡಿಲಿಗೇ ಎಸೆದು ಬಾಳೆಗಿಡಗಳ ಕಡೆ ನಡೆಯಿತು.

ಅತ್ತೆ ಓಡಿ ಬಂದು ನನ್ನ ರಟ್ಟೆ ಹಿಡಿದು ಒಳಗೆ ಎಳೆದುಕೊಂಡರು. ಅಗುಳಿ ಹಾಕಿದವರೇ ನೆಲಕ್ಕೆ ಕುಸಿದರು. ಅವರು ಹಾಗೆ ಕುಸಿದದ್ದನ್ನು ನೋಡಿದಾಗಲೇ ನನಗೆ ಅಳು ಬಂದದ್ದು.

"ನಿಮ್ಗೂ ಭಯ ಆಯ್ತಾ ಅತ್ತೆ?"

"ಜೀವ ಬಾಯಿಗೆ ಬಂದಿತ್ತು ಕಣವ್ವ. ತೋರ್ಸಿದ್ರೆ ನೀನು ಎದ್ದು ಓಡ್ಬುಡ್ತಿದ್ದೆ."

ಎಷ್ಟೋ ದಿನ ನಾನು ಹಿತ್ತಲಿಗೆ ಕಾಲಿಡಲಿಲ್ಲ. ಆ ಘಮ ಬಂದರೆ ಸಾಕು, ಅಡುಗೆಮನೆಯ ಕಿಟಕಿ ಮುಚ್ಚಿಬಿಡುತ್ತಿದ್ದೆ. ಪಾತಿಗೆ ನೀರು ಹಾಕಿದವರು ಅತ್ತೆ. ಕಿತ್ತ ಬುಡವನ್ನು ಬಿಡಿಸಿ, ಚಿಗುರಿದ್ದ ಬೇರುಗಳನ್ನು ಬೇರೆ ಬೇರೆ ನೆಟ್ಟವರೂ ಅವರೇ. ಈಗ ಇಬ್ಬರೂ ಒಟ್ಟಿಗೇ ಹೋಗುತ್ತೇವೆ. ಒಬ್ಬರು ಬಗ್ಗಿ ಹೂ ಚಿವುಟುವಾಗ ಇನ್ನೊಬ್ಬರು ಕಾಡಿನ ಕಡೆ ಮುಖ ಮಾಡಿ ನಿಂತಿರುತ್ತಾರೆ.